ಯೋಧರ ಹೆಸರಿಗೆ ಕೊಡುವಾಗಲೂ ಲೆಕ್ಕ ಕೇಳು, ಮಗಾ

ಹಾಕಿ ಪಂದ್ಯಾವಳಿಯಲ್ಲಿ ಉಳಿದ ಹಣವನ್ನು ಗಾಯಗೊಂಡ ಯೋಧರಿಗೆ ಕೊಡುವುದೆಂದು ನೀವು ಹುಡುಗರೆಲ್ಲ ಸೇರಿ ತೀರ್ಮಾನಿಸಿದ್ದು ಕೇಳಿ ಖುಷಿಯಾಯಿತು ಮಗಾ. "ಯಾವ ಟ್ರಸ್ಟಿಗೆ ಕೊಡೋಣ ದೊಡ್ಡಪ್ಪಾ?" ಎಂದು ಕೇಳಿ ಮೂರು ಕರಪತ್ರ ಕಳಿಸಿದ್ದೀಯ. ಕನ್ನಡಕ ಹಾಕಿಕೊಂಡು ಮೂರನ್ನೂ ಓದಿದೆ. ಮೂರರಲ್ಲೂ ತ್ರಿವರ್ಣ ಧ್ವಜ, ಮೂರರಲ್ಲೂ ಊರುಗೋಲು ಹಿಡಿದ ಯೋಧ, ಮೂರರಲ್ಲೂ ಕ್ಯೂಆರ್ ಕೋಡ್. ನೋಂದಣಿ ಸಂಖ್ಯೆ ಇರುವುದು ಒಂದರಲ್ಲಿ ಮಾತ್ರ. ಕಳೆದ ವರ್ಷ ಎಷ್ಟು ಬಂತು, ಎಷ್ಟು ಯಾರಿಗೆ ಹೋಯಿತು ಎಂಬುದು ಒಂದರಲ್ಲೂ ಇಲ್ಲ. ಇದಕ್ಕೆ ಕೊಡಿ, ಅದಕ್ಕೆ ಬೇಡ ಎಂದು ನಾನು ಹೇಳಿಬಿಟ್ಟರೆ ಈ ವರ್ಷದ ಕೆಲಸ ಮುಗಿದೀತು. ಮುಂದಿನ ವರ್ಷ ಮತ್ತೆ ನನ್ನನ್ನೇ ಕೇಳಬೇಕು. ಅದಕ್ಕೇ ನೋಡುವ ಬಗೆ ಹೇಳುತ್ತೇನೆ. ಸೈನ್ಯದಲ್ಲಿ ಕ್ಲರ್ಕ್ ಆಗಿದ್ದವನು ನಾನು, ಆಮೇಲೆ ಬ್ಯಾಂಕಿನಲ್ಲಿ ಗುಮಾಸ್ತ. ಬಂದೂಕಿಗಿಂತ ಲೆಡ್ಜರ್ ಹಿಡಿದದ್ದೇ ಹೆಚ್ಚು. ಮಾತು ಲೆಕ್ಕದ ಕಡೆಗೇ ವಾಲುತ್ತದೆ, ಸಹಿಸಿಕೊ.

ಈ ವಿಷಯದಲ್ಲಿ ಕೊಡಗಿನವರಿಗೆ ಸಂಕೋಚ ಜಾಸ್ತಿ. ಒಕ್ಕದ, ಅಂದರೆ ಮನೆತನದ, ಸಭೆಯಲ್ಲಿ ಪೂರ್ವಿಕರ ಐನ್‌ಮನೆಯ ಹೆಂಚು ಬದಲಾಯಿಸಿದ ಖರ್ಚಿಗೆ ರಸೀದಿ ಕೇಳುತ್ತೇವೆ. ಊರ ದೇವಸ್ಥಾನದ ಹಬ್ಬದ ಲೆಕ್ಕ ಓದುವಾಗ ಎಣ್ಣೆಗೆ ಇಷ್ಟೇಕೆ, ಹೂವಿಗೆ ಅಷ್ಟೇಕೆ ಎಂದು ತಕರಾರು ತೆಗೆಯುತ್ತೇವೆ. ಯೋಧರ ಹೆಸರು ಹೇಳಿಕೊಂಡು ಯಾರಾದರೂ ಬಾಗಿಲಿಗೆ ಬಂದರೆ ಮಾತ್ರ ಬಾಯಿ ಕಟ್ಟಿಹೋಗುತ್ತದೆ. ಕಾರ್ಯಪ್ಪ, ತಿಮ್ಮಯ್ಯನವರ ಜಿಲ್ಲೆ. ಸೈನ್ಯ ಕಂಡವರೊಬ್ಬರಾದರೂ ಇಲ್ಲದ ಕುಟುಂಬ ಇಲ್ಲಿ ಅಪರೂಪ. ಲೆಕ್ಕ ಕೇಳಿದರೆ ಯೋಧನನ್ನೇ ಅನುಮಾನಿಸಿದಂತೆ ಆಗುತ್ತದೇನೋ ಎಂಬ ಅಳುಕು. ಈ ಅಳುಕನ್ನು ಚೆನ್ನಾಗಿ ಬಲ್ಲ ಕೆಲವರು ಅದನ್ನೇ ಬಂಡವಾಳ ಮಾಡಿಕೊಂಡಿದ್ದಾರೆ.

ಸೈನ್ಯದೊಳಗೆ ಹೇಗಿದೆ ಗೊತ್ತೇನು? ಪಲ್ಟನ್ನಿನ ರೆಜಿಮೆಂಟಲ್ ಫಂಡಿಗೆ ಮೂರು ತಿಂಗಳಿಗೊಮ್ಮೆ ಆಡಿಟ್ ಬೋರ್ಡ್ ಕೂರುತ್ತದೆ. ನಗದು ಪುಸ್ತಕ, ಬ್ಯಾಂಕ್ ಪಾಸ್‌ಬುಕ್, ವೋಚರ್ ಒಂದೊಂದನ್ನೂ ತಾಳೆ ನೋಡುತ್ತಾರೆ. ಸ್ಟೋರಿನಲ್ಲಿ ಒಂದು ಕಂಬಳಿ ಕಡಿಮೆ ಬಂದರೂ ಯಾರ ಕಾಲದಲ್ಲಿ ಹೋಯಿತು ಎಂದು ವಿಚಾರಣೆ. ಹಾರಿಸಿದ ಗುಂಡಿನ ಖಾಲಿ ಕೇಸುಗಳನ್ನೂ ಎಣಿಸಿ ವಾಪಸ್ ಕೊಡಬೇಕು. ಅಂಥ ವ್ಯವಸ್ಥೆಯಲ್ಲಿ ಬಾಳಿದವನ ಹೆಸರಿನಲ್ಲಿ ಎತ್ತಿದ ಹಣಕ್ಕೆ ರಸೀದಿ ಕೇಳಿದರೆ ಅವನಿಗೆ ಅವಮಾನವಾಗುವುದಿಲ್ಲ. "ಸೈನಿಕರ ವಿಷಯದಲ್ಲೂ ಲೆಕ್ಕವೇ?" ಎಂದು ನಿನ್ನನ್ನು ಯಾರಾದರೂ ಗದರಿಸಿದರೆ, ಆತ ಬಹುಶಃ ಪಲ್ಟನ್ನಿನಲ್ಲಿ ಒಂದು ದಿನವೂ ಇದ್ದವನಲ್ಲ ಎಂದುಕೊ.

ಇನ್ನೊಂದು ಮಾತು. ಮಡಿಕೇರಿಯಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರ ಪ್ರತಿಮೆ ನೋಡಿದ್ದೀಯಲ್ಲ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದವರು ಮರಳಲಿಲ್ಲ. ತಮ್ಮ ಮಿಸ್ಟೀರ್ ವಿಮಾನಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರನ್ನು ಹೊಡೆದುರುಳಿಸಿಯೇ ಅವರು ಸತ್ತದ್ದು ಎಂದು ನಮ್ಮ ಕಡೆಯವರಿಗೆ ತಿಳಿದಿರಲಿಲ್ಲ. ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ ಆ ಯುದ್ಧದಲ್ಲಿ ಪಾಕಿಸ್ತಾನಿ ವಾಯುಪಡೆಯ ಪಾತ್ರದ ಬಗ್ಗೆ ಪುಸ್ತಕ ಬರೆದಾಗ ಸಂಗತಿ ಹೊರಬಿತ್ತು. ಜೊತೆಗಾರರು ಪಟ್ಟುಹಿಡಿದು ದಾಖಲೆ ಮುಂದಿಟ್ಟರು. 1988ರಲ್ಲಿ ಮರಣೋತ್ತರವಾಗಿ ಮಹಾವೀರ ಚಕ್ರ ಬಂತು, 23 ವರ್ಷಗಳ ನಂತರ. ಯಾರೋ ಕಾಗದ ತಿರುವಿ ಹಾಕಿ ಹುಡುಕಿದ್ದರಿಂದ ಒಬ್ಬ ಯೋಧನಿಗೆ ಸಿಗಬೇಕಾದ್ದು ಸಿಕ್ಕಿತು. ಕಡತ ನೋಡುವುದೂ ಒಂದು ಬಗೆಯ ಗೌರವವೇ.

ಈಗ ದೂರದ ಕಥೆಯೊಂದು. ಅಮೆರಿಕದಲ್ಲಿ ವೂಂಡೆಡ್ ವಾರಿಯರ್ ಪ್ರಾಜೆಕ್ಟ್ ಎಂಬ ಸಂಸ್ಥೆ 2003ರಲ್ಲಿ ಶುರುವಾಯಿತು. ಇರಾಕ್, ಅಫ್ಘಾನಿಸ್ತಾನಗಳಿಂದ ಗಾಯಗೊಂಡು ಬಂದ ಯೋಧರಿಗೆ ಆಸ್ಪತ್ರೆಯ ಮಂಚದ ಬಳಿಗೇ ಬ್ಯಾಗಿನಲ್ಲಿ ಬಟ್ಟೆ, ಸೋಪು ಕೊಂಡೊಯ್ದು ಕೊಡುವ ಸಣ್ಣ ಕೆಲಸ ಅದು. ಹತ್ತು ಹನ್ನೆರಡು ವರ್ಷದಲ್ಲಿ ಬೆಳೆದು ವರ್ಷಕ್ಕೆ ಮೂವತ್ತು ಕೋಟಿ ಡಾಲರಿಗೂ ಹೆಚ್ಚು ಎತ್ತುವ ಮಟ್ಟ ಮುಟ್ಟಿತು. 2016ರ ಜನವರಿಯಲ್ಲಿ ಸಿಬಿಎಸ್ ವಾಹಿನಿ ಮತ್ತು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅದರ ಒಳಗಿನ ಖರ್ಚುಗಳನ್ನು ಬಯಲಿಗೆಳೆದವು. ಸಮ್ಮೇಳನ, ಸಭೆಗಳ ಖರ್ಚು 2010ರಲ್ಲಿ 17 ಲಕ್ಷ ಡಾಲರ್ ಇದ್ದದ್ದು 2014ರ ಹೊತ್ತಿಗೆ 2 ಕೋಟಿ 60 ಲಕ್ಷಕ್ಕೆ ಏರಿತ್ತು. ಸಿಬ್ಬಂದಿಯ ಸಭೆಯೊಂದು ಕೊಲರಾಡೊದ ಪಂಚತಾರಾ ಹೋಟೆಲಿನಲ್ಲಿ ನಡೆದಿತ್ತು. ಮಾರ್ಚಿನಲ್ಲಿ ಆಡಳಿತ ಮಂಡಳಿಯು ಸಂಸ್ಥೆಯ ಮುಖ್ಯಸ್ಥ ಸ್ಟೀವನ್ ನಾರ್ಡಿಜಿ ಮತ್ತು ಅವರ ಕೈಕೆಳಗಿನ ಎರಡನೆಯ ಅಧಿಕಾರಿ ಆಲ್ ಜಿಯೋರ್ಡಾನೊ ಇಬ್ಬರನ್ನೂ ಹೊರಹಾಕಿತು.

ಹೋಟೆಲಿನ ಕಥೆ ಎಲ್ಲರಿಗೂ ನೆನಪಿರುತ್ತದೆ. ನನ್ನಂಥವನ ಕಣ್ಣಿಗೆ ಬಿದ್ದದ್ದು ಬೇರೆ. ಖರ್ಚಾಗುವ ಹಣದಲ್ಲಿ ನೂರಕ್ಕೆ 80 ಭಾಗ ಯೋಧರಿಗೇ ಹೋಗುತ್ತದೆ ಎಂದು ಸಂಸ್ಥೆ ಹೇಳುತ್ತಿತ್ತು. ದತ್ತಿ ಸಂಸ್ಥೆಗಳನ್ನು ಅಳೆಯುವ ಚಾರಿಟಿ ನ್ಯಾವಿಗೇಟರ್ ಅದನ್ನು 60 ಎಂದು ಎಣಿಸಿತ್ತು. ಎರಡೂ ಕಡೆಯವರ ಕೈಯಲ್ಲಿದ್ದದ್ದು ಅದೇ ಲೆಕ್ಕಪತ್ರ. ವ್ಯತ್ಯಾಸ ಎಲ್ಲಿಂದ ಬಂತು? ದೇಣಿಗೆ ಕೇಳಿ ಕಳಿಸಿದ ಅಂಚೆ, ಜಾಹೀರಾತು, ಉಡುಗೊರೆ ವಸ್ತುಗಳ ಖರ್ಚಿನ ಒಂದು ಪಾಲನ್ನು 'ಜನಜಾಗೃತಿ' ಎಂದು ಕರೆದು ಸೇವೆಯ ಲೆಕ್ಕಕ್ಕೆ ಸೇರಿಸಿದ್ದರು. ಅಲ್ಲಿ ಕಳ್ಳತನವೇನೂ ಆಗಿರಲಿಲ್ಲ, ಆಡಿಟರು ಸಹಿಯನ್ನೂ ಹಾಕಿದ್ದರು. ಖರ್ಚನ್ನು ಯಾವ ತಲೆಬರಹದ ಕೆಳಗೆ ಬರೆಯುತ್ತೇವೆ ಎಂಬುದರಲ್ಲೇ ಆಟ. ಮುಂದೆ ಆ ಸಂಸ್ಥೆಗೆ ನಿವೃತ್ತ ಜನರಲ್ ಒಬ್ಬರು ಬಂದು ಸರಿಪಡಿಸಿದರು, ಅದು ಇಂದೂ ಕೆಲಸ ಮಾಡುತ್ತಿದೆ. ಆದರೆ ಆ ವರ್ಷ ದೇಣಿಗೆ ಕುಸಿದು, ಸಿಬ್ಬಂದಿಯನ್ನು ಕಡಿತ ಮಾಡಿ, ಅದರ ಬಿಸಿ ಕಡೆಗೆ ತಟ್ಟಿದ್ದು ಕಾಲು ಕಳೆದುಕೊಂಡ ಹುಡುಗರಿಗೇ.

ನಮ್ಮ ಕಡೆಯೂ ಈ ತಲೆಬರಹದ ಆಟ ಚೆನ್ನಾಗಿ ಬರುತ್ತದೆ. ಒಂದು ಟ್ರಸ್ಟಿನ ವಾರ್ಷಿಕ ಲೆಕ್ಕ ನನ್ನ ಕೈಗೆ ಬಂದಿತ್ತು, ಹೆಸರು ಬೇಡ. ಮೊದಲ ಪುಟದಲ್ಲಿ 'ಸೈನಿಕ ಕಲ್ಯಾಣ ವೆಚ್ಚ' ಎಂದು ದೊಡ್ಡ ಮೊತ್ತ, ನೋಡಿದರೆ ಕೈಮುಗಿಯಬೇಕು. ಹಿಂದಿನ ಶೆಡ್ಯೂಲಿಗೆ ಹೋದೆ. ಶಾಮಿಯಾನ ಮತ್ತು ಕುರ್ಚಿ ಬಾಡಿಗೆ, ಮೈಕ್ ಸೆಟ್, ಸನ್ಮಾನದ ಶಾಲು ಮತ್ತು ಪೇಟ, ಸ್ಮರಣಿಕೆ, ಅತಿಥಿಗಳ ವಾಹನ, ಊಟ, ಫ್ಲೆಕ್ಸ್, ಛಾಯಾಗ್ರಹಣ. ಎಲ್ಲ ಮುಗಿದ ಮೇಲೆ ಕೊನೆಯ ಸಾಲು: 'ಸಹಾಯಧನ'. ಊಟದ ಸಾಲಿಗಿಂತ ಅದು ಚಿಕ್ಕದಿತ್ತು. ಸನ್ಮಾನ ಮಾಡಬಾರದು ಎನ್ನುವುದಿಲ್ಲ. ಯೋಧನಿಗೆ ಶಾಲು ಹೊದೆಸಿದರೆ ಅವನ ಮನೆಯವರಿಗೂ ಸಂತೋಷವೇ. ಆದರೆ ಅದನ್ನು ಸನ್ಮಾನದ ಖರ್ಚು ಎಂದೇ ಬರೆಯಬೇಕು, ಕಲ್ಯಾಣ ಎಂದಲ್ಲ. ಅದಕ್ಕೆ ಮಗಾ, ಲೆಕ್ಕ ಕೇಳುವಾಗ ಮೂರು ವರ್ಷದ್ದು ಕೇಳು, ಶೆಡ್ಯೂಲ್ ಸಮೇತ ಕೇಳು. ಮೊದಲ ಪುಟ ಎಲ್ಲರದ್ದೂ ಸುಂದರವಾಗಿಯೇ ಇರುತ್ತದೆ.

ಹಾಗೆಂದು ಇನ್ನೊಂದು ತುದಿಗೆ ಹೋಗಬೇಡ. "ನಮ್ಮಲ್ಲಿ ಆಡಳಿತ ಖರ್ಚೇ ಇಲ್ಲ, ಪೈಸೆಗೆ ಪೈಸೆ ಯೋಧನಿಗೆ" ಎನ್ನುವವರನ್ನು ಕಂಡರೆ ನನಗೆ ಇನ್ನೂ ಅನುಮಾನ. ಭಾಗಮಂಡಲದ ಆಚೆಯ ಮನೆಗೆ ಮಳೆಗಾಲದಲ್ಲಿ ಹೋಗಿ ಬರಲು ಜೀಪು ಬೇಡವೇ? ಕಡತ ನೋಡಿಕೊಳ್ಳಲು ಒಬ್ಬರು ಬೇಡವೇ? ಆಡಿಟರಿಗೆ ಫೀಸು? ಇವನ್ನೆಲ್ಲ ಟ್ರಸ್ಟಿಗಳೇ ಕೈಯಿಂದ ಹಾಕುತ್ತಿದ್ದರೆ ಅದನ್ನೂ ಲೆಕ್ಕದಲ್ಲಿ ತೋರಿಸಲಿ. ತಕ್ಕ ಸಂಬಳ ಕೊಟ್ಟು ಒಬ್ಬ ಒಳ್ಳೆಯ ಹೆಣ್ಣುಮಗಳನ್ನು ಇಟ್ಟುಕೊಂಡು ಮನೆ ಮನೆಗೆ ಕಳಿಸುವ ಟ್ರಸ್ಟು ನನಗೆ ಇಷ್ಟ. ಕಣ್ಣಿಡಬೇಕಾದ್ದು ಬೇರೆ ಕಡೆ. ಕಚೇರಿಯ ಬಾಡಿಗೆ ಟ್ರಸ್ಟಿಯದೇ ಕಟ್ಟಡಕ್ಕೆ ಹೋಗುತ್ತಿದೆಯೇ, ಮುದ್ರಣದ ಬಿಲ್ಲು ಅವರ ಬಾವಮೈದುನನ ಪ್ರೆಸ್ಸಿನದೇ, ದೇಣಿಗೆ ಎತ್ತುವ ಹುಡುಗರಿಗೆ ಎತ್ತಿದ್ದರಲ್ಲಿ ಕಮಿಷನ್ ಇದೆಯೇ. ಕಮಿಷನ್ ಇದ್ದರೆ ನನ್ನ ಮಟ್ಟಿಗೆ ಮಾತು ಅಲ್ಲಿಗೇ ಮುಗಿಯಿತು.

ಕಾಗದಪತ್ರದ ವಿಷಯ ಬೇಗ ಹೇಳಿಬಿಡುತ್ತೇನೆ, ನೀನು ಕಂಪ್ಯೂಟರಿನ ಹುಡುಗ, ಅರ್ಧ ಗಂಟೆಯ ಕೆಲಸ. ಮಹಾರಾಷ್ಟ್ರದಲ್ಲಿರುವಂತೆ ಟ್ರಸ್ಟುಗಳ ಮೇಲೆ ಕಣ್ಣಿಡಲು ಚಾರಿಟಿ ಕಮಿಷನರ್ ನಮ್ಮ ರಾಜ್ಯದಲ್ಲಿಲ್ಲ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಪತ್ರ ನೋಂದಾಯಿಸಿದರೆ ಟ್ರಸ್ಟು ಹುಟ್ಟಿತು. ಆಮೇಲೆ ಅದರ ಲೆಕ್ಕ ಕೇಳುವುದು ಹೆಚ್ಚುಕಡಿಮೆ ಆದಾಯ ತೆರಿಗೆ ಇಲಾಖೆ ಮತ್ತು ಹಣ ಕೊಟ್ಟವರು, ಇಬ್ಬರೇ. ಸಂಘವಾಗಿದ್ದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಪ್ರತಿ ವರ್ಷ ಮಹಾಸಭೆ ಕರೆದು ಲೆಕ್ಕವನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. 80ಜಿ ಎಂದು ಕರೆಯುತ್ತ ಬಂದ ತೆರಿಗೆ ವಿನಾಯಿತಿಯ ಮಾನ್ಯತೆ ಇದೆಯೇ ಎಂದು ಇಲಾಖೆಯ ಜಾಲತಾಣದಲ್ಲೇ ನೋಡಬಹುದು. ಹೊಸ ತೆರಿಗೆ ಪದ್ಧತಿಯಲ್ಲಿರುವ ನಿನಗೆ ಅದರಿಂದ ಉಳಿತಾಯವೇನೂ ಇಲ್ಲ. ಆದರೂ ಕೇಳು, ಆ ಮಾನ್ಯತೆ ಇರುವ ಸಂಸ್ಥೆ ದಾನಿಗಳ ಹೆಸರು, ಮೊತ್ತ ಎಲ್ಲವನ್ನೂ ಇಲಾಖೆಗೆ ವರ್ಷಕ್ಕೊಮ್ಮೆ ಒಪ್ಪಿಸಬೇಕು, ನಿನಗೂ ಪ್ರಮಾಣಪತ್ರ ಕೊಡಬೇಕು. ಆ ಪತ್ರದಲ್ಲಿ ನಿನ್ನ ದೇಣಿಗೆ ಯಾವ ಬಗೆಯದು ಎಂಬ ಅಂಕಣವಿದೆ. ಅಲ್ಲಿ 'ಕಾರ್ಪಸ್' ಎಂದಿದ್ದರೆ ಹಣ ಮೂಲನಿಧಿಗೆ ಹೋಯಿತು, ಈ ವರ್ಷ ಯಾವ ಯೋಧನ ಮನೆಗೂ ಹೋಗುವುದಿಲ್ಲ. ಮೂಲನಿಧಿ ಕಟ್ಟುವುದು ತಪ್ಪಲ್ಲ, ನಿನಗೆ ತಿಳಿದಿರಬೇಕು ಅಷ್ಟೆ. ಉಳಿದ ಆದಾಯದಲ್ಲಿ ನೂರಕ್ಕೆ 85 ಭಾಗವನ್ನು ಆ ವರ್ಷವೇ ಉದ್ದೇಶಕ್ಕೆ ಬಳಸಬೇಕೆಂಬುದು ಸಾಮಾನ್ಯ ನಿಯಮ.

ಆಡಿಟ್ ವರದಿಯ ಕೆಳಗೆ ಆಡಿಟರ್ ಸಹಿಯ ಬಳಿ 18 ಅಂಕಿಯ ಯುಡಿಐಎನ್ ಸಂಖ್ಯೆ ಇರುತ್ತದೆ. ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಯ ಜಾಲತಾಣದಲ್ಲಿ ಅದನ್ನು ಹಾಕಿದರೆ ಆ ವರದಿ ನಿಜಕ್ಕೂ ಆ ಆಡಿಟರ್ ಕೊಟ್ಟದ್ದೇ ಎಂದು ಗೊತ್ತಾಗುತ್ತದೆ. ನನ್ನ ಕಾಲದಲ್ಲಿ ಇಂಥದ್ದು ಇರಲಿಲ್ಲ. ರಬ್ಬರ್ ಸ್ಟಾಂಪ್ ನೋಡಿ ನಂಬುತ್ತಿದ್ದೆವು. ಇನ್ನು ನಗದು ಕೊಡಬೇಡ. ಯುಪಿಐ ಹಾಕುವಾಗ ಪರದೆಯ ಮೇಲೆ ಟ್ರಸ್ಟಿನ ಹೆಸರೇ ಬರಬೇಕು, ಕಾರ್ಯದರ್ಶಿಯ ಹೆಸರು ಬಂದರೆ ಅಲ್ಲೇ ನಿಲ್ಲಿಸು.

ಇಷ್ಟೆಲ್ಲ ಸರಿಯಿದ್ದರೂ ಅರ್ಧ ಮಾತ್ರ ಆಯಿತು. ಕಾಗದ ಚೊಕ್ಕವಾಗಿರುವ, ಆದರೆ ಕೆಲಸ ಪೊಳ್ಳಾದ ಸಂಸ್ಥೆಗಳಿವೆ. ನಾಪೋಕ್ಲು ಕಡೆ ನನ್ನ ಪರಿಚಯದ ಒಬ್ಬರಿದ್ದಾರೆ, ಮೈನ್ ಸ್ಫೋಟದಲ್ಲಿ ಮಂಡಿಯ ಕೆಳಗೆ ಕಾಲು ಹೋದವರು. ಒಂದು ಟ್ರಸ್ಟಿನವರು ಬಂದು ಗಾಲಿಕುರ್ಚಿ ಕೊಟ್ಟರು. ಫೋಟೋ ಆಯಿತು, ಪತ್ರಿಕೆಯಲ್ಲಿ ಬಂತು. ಅವರ ಮನೆಗೆ ರಸ್ತೆಯಿಂದ ಇಳಿಯುವುದು ಕಲ್ಲಿನ ಮೆಟ್ಟಿಲಿನಲ್ಲಿ, ಅಂಗಳ ಜೂನ್‌ನಿಂದ ಪಾಚಿ ಹಿಡಿದು ಜಾರುತ್ತದೆ. ಗಾಲಿಕುರ್ಚಿ ಎಲ್ಲಿ ಓಡಬೇಕು? ನಾನು ಹೋದಾಗ ಅದರ ಮೇಲೆ ಒಣಗಿದ ಕಾಳುಮೆಣಸಿನ ಚೀಲ ಕುಳಿತಿತ್ತು. ಅವರಿಗೆ ಬೇಕಾಗಿದ್ದದ್ದೇ ಬೇರೆ. ವರ್ಷ ಕಳೆದಂತೆ ಮೊಂಡಾದ ಕಾಲು ಸಣ್ಣಗಾಗಿ ಕೃತಕ ಕಾಲಿನ ಬಟ್ಟಲು ಸಡಿಲವಾಗಿತ್ತು, ನಡೆದರೆ ಉಜ್ಜಿ ಹುಣ್ಣು. ಪುಣೆಯ ಆರ್ಟಿಫಿಶಿಯಲ್ ಲಿಂಬ್ ಸೆಂಟರಿನಲ್ಲಿ ಹೊಸದನ್ನು ಹಾಕಿಕೊಡುತ್ತಾರೆ. 1944ರಿಂದ ಆ ಕೆಲಸ ಮಾಡುತ್ತಿರುವ ಜಾಗ ಅದು. ಆದರೆ ರೈಲೇ ಇಲ್ಲದ ಜಿಲ್ಲೆಯಿಂದ ಪುಣೆಗೆ ಒಂಟಿ ಕಾಲಿನ ಮನುಷ್ಯ ಒಬ್ಬನೇ ಹೋಗುವುದು ಹೇಗೆ? ಜೊತೆಗೊಬ್ಬ ಹುಡುಗ, ಮೈಸೂರಿನ ತನಕ ಟ್ಯಾಕ್ಸಿ, ಪುಣೆಯಲ್ಲಿ ಉಳಿಯಲು ನಾಲ್ಕು ದಿನದ ಖರ್ಚು, ಇಲ್ಲಿ ಕೊಯ್ಲಿನ ಹೊತ್ತಿಗೆ ತೋಟ ನೋಡಿಕೊಳ್ಳುವವರು. ಅದನ್ನು ಯಾರೂ ಕೇಳಲಿಲ್ಲ. ಕೇಳಿ ಕೊಟ್ಟಿದ್ದರೆ ಫೋಟೋದಲ್ಲಿ ಕಾಣುವಂಥದ್ದು ಏನೂ ಇರುತ್ತಿರಲಿಲ್ಲ.

ಟ್ರಸ್ಟಿನವರಿಗೆ ನೀನು ಕೇಳಬೇಕಾದ ಮೊದಲ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ: ಏನು ಬೇಕು ಎಂದು ಆ ಮನೆಯವರನ್ನು ಯಾರು ಕೇಳಿದರು, ಯಾವಾಗ? ಎರಡನೆಯದು, ಕೊಟ್ಟ ಮೇಲೆ ಮತ್ತೆ ಹೋಗಿ ನೋಡಿದಿರಾ? ಮಗಳ ಎಂಜಿನಿಯರಿಂಗ್ ಫೀಸು ಒಂದು ವರ್ಷ ಕಟ್ಟಿ ಫೋಟೋ ಹಾಕಿ, ಎರಡನೆಯ ವರ್ಷ ಫೋನ್ ಎತ್ತದಿದ್ದವರ ಕಥೆ ನಾನು ಕೇಳಿದ್ದೇನೆ. ಆ ಹುಡುಗಿ ಅರ್ಧದಲ್ಲಿ ಕಾಲೇಜು ಬಿಡಬೇಕೋ, ಅಪ್ಪ ಮೆಣಸಿನ ಬಳ್ಳಿಯ ಮೇಲೆ ಸಾಲ ಮಾಡಬೇಕೋ? ಒಂದು ಮಗುವಿಗೆ ಕೊಡುವುದಾದರೆ ಓದು ಮುಗಿಯುವ ತನಕ ಕೊಡಬೇಕು, ಇಲ್ಲವಾದರೆ ಒಂದು ವರ್ಷಕ್ಕೆ ಮಾತ್ರ ಎಂದು ಮೊದಲೇ ಹೇಳಬೇಕು.

ನೆರವು ಪಡೆದವರ ಹೆಸರು ಕೊಡಿ ಎಂದು ಹಟ ಮಾಡಬೇಡ. ಹೆಸರು, ಫೋಟೋ, ಮನೆ ವಿಳಾಸ ಎಲ್ಲವನ್ನೂ ಹೊರಗೆ ಹರಡುವವರಿಗಿಂತ, "ಅವರ ಒಪ್ಪಿಗೆಯಿಲ್ಲದೆ ಹೆಸರು ಕೊಡಲಾರೆವು, ಬೇಕಾದರೆ ಸೈನಿಕ ಕಲ್ಯಾಣ ಇಲಾಖೆಯಲ್ಲಿ ವಿಚಾರಿಸಿ" ಎನ್ನುವವರು ಮೇಲು. ಗಾಯಗೊಂಡ ಯೋಧನಿಗೆ ಮುಖವಿದೆ, ಊರಿದೆ, ಮದುವೆಗೆ ಬಂದ ಮಗಳಿದ್ದಾಳೆ. ದೊಡ್ಡ ಚೆಕ್ಕಿನ ಬೋರ್ಡು ಹಿಡಿದು ನಿಲ್ಲಿಸಿದ ಫೋಟೋ ಹತ್ತು ವರ್ಷದ ನಂತರವೂ ಯಾರದೋ ಫೋನಿನಲ್ಲಿ ತಿರುಗುತ್ತಿರುತ್ತದೆ.

ಸರ್ಕಾರ ಏನು ಕೊಡುತ್ತದೆ ಎಂಬುದನ್ನು ಮೊದಲು ತಿಳಿದುಕೋ. ಅದು ತಿಳಿಯದೆ ಟ್ರಸ್ಟಿನ ಕೆಲಸ ಅಳೆಯಲಾಗದು. ಕಾದಾಟದಲ್ಲಿ ಸತ್ತವರ, ಗಾಯಗೊಂಡವರ ಕುಟುಂಬಕ್ಕೆ ಸಶಸ್ತ್ರ ಪಡೆಗಳ ಬ್ಯಾಟಲ್ ಕ್ಯಾಶುವಲ್ಟಿ ಕಲ್ಯಾಣ ನಿಧಿ ಇದೆ. ಅದು ಹುಟ್ಟಿದ ಹಿನ್ನೆಲೆ ನಮಗೆ ಹತ್ತಿರದ್ದು: 2016ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮಕುಸಿತದಲ್ಲಿ ಹತ್ತು ಮಂದಿ ಹೂತುಹೋದರಲ್ಲ, ಆರು ದಿನ ಹಿಮದಡಿ ಜೀವ ಹಿಡಿದಿದ್ದ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರಲ್ಲೊಬ್ಬರು. ಆಗ ದೇಶದ ಮೂಲೆಮೂಲೆಯಿಂದ ಜನ ಹಣ ಕೊಡಲು ಮುಂದೆ ಬಂದರು, ಅದನ್ನು ಒಂದು ವ್ಯವಸ್ಥೆಗೆ ತರಲು ಈ ನಿಧಿ. ಆನ್‌ಲೈನಿನಲ್ಲಿ ನೇರವಾಗಿ ಅದಕ್ಕೆ ಕೊಡಲು 2022ರ ಅಕ್ಟೋಬರಿನಲ್ಲಿ 'ಮಾ ಭಾರತಿ ಕೆ ಸಪೂತ್' ಜಾಲತಾಣ ಬಂತು. ಸಿಆರ್‌ಪಿಎಫ್, ಬಿಎಸ್‌ಎಫ್‌ನಂಥ ಪಡೆಗಳದ್ದು ಬೇರೆ: ಗೃಹ ಸಚಿವಾಲಯದ 'ಭಾರತ್ ಕೆ ವೀರ್', 2017ರ ಏಪ್ರಿಲ್‌ನಿಂದ. ಅಲ್ಲಿ ಹುತಾತ್ಮನ ಕುಟುಂಬದ ಖಾತೆಗೇ ಕೊಡಬಹುದು, ಒಂದು ಕುಟುಂಬಕ್ಕೆ 15 ಲಕ್ಷ ತುಂಬಿದ ಮೇಲೆ ನಿಲ್ಲುತ್ತದೆ. ಈ ಮಿತಿ ನನಗೆ ಬಹಳ ಹಿಡಿಸಿತು. ಸುದ್ದಿಯಲ್ಲಿದ್ದ ಮನೆಗೆ ಹೊಳೆ ಹರಿದು, ಪಕ್ಕದ ಜಿಲ್ಲೆಯ ಮನೆಗೆ ಹನಿಯೂ ಬೀಳದಿರುವುದನ್ನು ತಡೆಯುವ ಒಂದು ದಾರಿ ಅದು.

ಸರ್ಕಾರದ ಜಾಲದ ಕಣ್ಣು ದೊಡ್ಡದು, ಸಣ್ಣವರು ಜಾರಿಹೋಗುತ್ತಾರೆ. ಗುಂಡು ತಗುಲಿದವನು ಬ್ಯಾಟಲ್ ಕ್ಯಾಶುವಲ್ಟಿ. ಅದೇ ಗಡಿಯ ರಸ್ತೆಯಲ್ಲಿ ಡ್ಯೂಟಿಯ ಮೇಲಿದ್ದಾಗ ಟ್ರಕ್ ಮಗುಚಿ ಬೆನ್ನುಮೂಳೆ ಮುರಿದವನು ಹಲವು ಸಲ ಫಿಸಿಕಲ್ ಕ್ಯಾಶುವಲ್ಟಿ. ಅವನಿಗೆ ಸಿಗುವುದು ಕಡಿಮೆ. ಅಂಗವೈಕಲ್ಯದ ಪಿಂಚಣಿ ಬೇಕಾದರೆ ವೈಕಲ್ಯ ನೂರಕ್ಕೆ 20ಕ್ಕಿಂತ ಕಡಿಮೆ ಇರಬಾರದು, ಸೇವೆಯಿಂದ ಬಂದದ್ದು ಅಥವಾ ಸೇವೆಯಿಂದ ಹೆಚ್ಚಿದ್ದು ಎಂದು ಮೆಡಿಕಲ್ ಬೋರ್ಡ್ ಒಪ್ಪಬೇಕು. 'ಸೇವೆಗೂ ಇದಕ್ಕೂ ಸಂಬಂಧವಿಲ್ಲ' ಎಂಬ ಒಂದು ಸಾಲು ಬಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯವರೆಗೆ ಅಲೆದಾಟ. ಇಂಥವನಿಗೆ ವಕೀಲರ ಫೀಸು ಕೊಡುವ, ಕಡತ ಜೋಡಿಸಿಕೊಡುವ, ಸ್ಪರ್ಶ್ ಪಿಂಚಣಿ ಜಾಲತಾಣದಲ್ಲಿ ಹೆಸರಿನ ಕಾಗುಣಿತ ಸರಿಪಡಿಸಲು ಹುತಾತ್ಮನ ಪತ್ನಿಯಾದ ವಯಸ್ಸಾದ ವೀರನಾರಿಯ ಪಕ್ಕದಲ್ಲಿ ಕೂರುವ ಟ್ರಸ್ಟು ನನ್ನ ದೃಷ್ಟಿಯಲ್ಲಿ ಚಿನ್ನ. ಆ ಕೆಲಸದಲ್ಲಿ ವೇದಿಕೆಯಿಲ್ಲ, ಹಾರವಿಲ್ಲ. 1965ರ ಯುದ್ಧದಲ್ಲಿ ಗಾಯಗೊಂಡು ಕಾಲು ಕಳೆದುಕೊಂಡ ಲೆಫ್ಟಿನೆಂಟ್ ಜನರಲ್ ವಿಜಯ್ ಒಬೆರಾಯ್ ಯುದ್ಧದಲ್ಲಿ ಗಾಯಗೊಂಡವರಿಗಾಗಿಯೇ ಒಂದು ಪ್ರತಿಷ್ಠಾನ ಕಟ್ಟಿದ್ದು, ಅಶೋಕಚಕ್ರ ಪಡೆದ ಕರ್ನಲ್ ವಸಂತ್ ಅವರ ಪತ್ನಿ ಸುಭಾಷಿಣಿ ವಸಂತ್ ಬೆಂಗಳೂರಿನಲ್ಲಿ ಹುತಾತ್ಮರ ಕುಟುಂಬಗಳಿಗಾಗಿ ವಸಂತರತ್ನ ಪ್ರತಿಷ್ಠಾನ ಶುರುಮಾಡಿದ್ದು ತಾವು ಪಟ್ಟದ್ದನ್ನು ಬಲ್ಲ ಕಾರಣಕ್ಕೆ. ಅವರಿಗೆ ಕೊಡು ಎಂದು ನಾನು ಹೇಳುತ್ತಿಲ್ಲ, ಅವರ ಲೆಕ್ಕವನ್ನೂ ಕೇಳಿಯೇ ಕೊಡಬೇಕು. ಟ್ರಸ್ಟಿಗಳ ಪಟ್ಟಿ ಓದುವಾಗ ಅಲ್ಲಿ ಒಬ್ಬ ಗಾಯಾಳು ಯೋಧ, ಒಬ್ಬ ವೀರನಾರಿಯಾದರೂ ಇದ್ದಾರೆಯೇ, ಅವರ ಮಾತು ಅಲ್ಲಿ ನಡೆಯುತ್ತದೆಯೇ ಎಂದು ನೋಡು ಎನ್ನಲು ಈ ಇಬ್ಬರ ಹೆಸರು ತೆಗೆದೆ.

ವಾಟ್ಸ್ಆ್ಯಪ್ ಸಂದೇಶದ ವಿಷಯ. ನಿನ್ನ ಅತ್ತೆ ನನಗೂ ಕಳಿಸಿದ್ದಾಳೆ: ದಿನಕ್ಕೊಂದು ರೂಪಾಯಿ ಸೈನ್ಯದ ಖಾತೆಗೆ ಹಾಕಿ, ಸಚಿವ ಸಂಪುಟವೇ ತೀರ್ಮಾನಿಸಿದೆ, ನಟ ಅಕ್ಷಯ್ ಕುಮಾರ್ ಸೂಚಿಸಿದ್ದು ಎಂದು. ಇದು ವರ್ಷ ವರ್ಷ ಎದ್ದು ಬರುವ ಸಂದೇಶ. ಸಿಂಡಿಕೇಟ್ ಬ್ಯಾಂಕಿನ ಹೆಸರಿನಲ್ಲೂ ತಿರುಗುತ್ತಿತ್ತು; ಆ ಬ್ಯಾಂಕು 2020ರ ಏಪ್ರಿಲ್ 1ಕ್ಕೇ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಹಲ್ಗಾಮ್ ದಾಳಿಯ ನಂತರ 2025ರ ಏಪ್ರಿಲ್‌ನಲ್ಲಿ ಮತ್ತೆ ಹರಡಿದಾಗ ರಕ್ಷಣಾ ಸಚಿವಾಲಯವೇ ಎಚ್ಚರಿಕೆ ಕೊಟ್ಟಿತು: ಸಂದೇಶ ದಾರಿತಪ್ಪಿಸುವಂಥದ್ದು, ಅದರಲ್ಲಿನ ಖಾತೆಯ ವಿವರ ತಪ್ಪು, ಜನ ಹಾಕಿದ ಹಣ ವಾಪಸಾಗುತ್ತಿದೆ ಎಂದು. ಅತ್ತೆಗೆ ಸಿಟ್ಟು ಬರದ ಹಾಗೆ ಹೇಳು. ಅವಳ ಮನಸ್ಸು ಒಳ್ಳೆಯದು, ಬೆರಳು ಅವಸರದ್ದು.

ಹಾಗಾದರೆ ಏನು ಮಾಡಬೇಕು? ನಾನಾದರೆ ಮಡಿಕೇರಿಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಿಂದ ಶುರು ಮಾಡುತ್ತೇನೆ. ಡಿಸೆಂಬರ್ 7ರ ಧ್ವಜ ದಿನಕ್ಕೆ ನೀವು ಶಾಲೆಯಲ್ಲಿ ಎದೆಗೆ ಚುಚ್ಚಿಕೊಳ್ಳುತ್ತಿದ್ದ ಪುಟ್ಟ ಬಾವುಟ ಅಲ್ಲಿಂದಲೇ ಬರುತ್ತಿತ್ತು; 1949ರಿಂದ ನಡೆದುಬಂದ ದಿನ ಅದು. ಆ ಕಚೇರಿ ಸರ್ಕಾರದ್ದಾದ್ದರಿಂದ ಬೇಕಾದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ ಲೆಕ್ಕ ಕೇಳಬಹುದು. ಖಾಸಗಿ ಟ್ರಸ್ಟಿಗೆ ಸಾಮಾನ್ಯವಾಗಿ ಆ ಅಸ್ತ್ರ ನಡೆಯದು. ಇಲಾಖೆಯ ಆ ಕಚೇರಿಯಲ್ಲಿ ಎರಡು ವಿಷಯ ಕೇಳು: ಈ ಮೂರು ಟ್ರಸ್ಟುಗಳಲ್ಲಿ ನಿಮ್ಮ ಜೊತೆ ಪಟ್ಟಿ ತಾಳೆ ನೋಡಿ ಕೆಲಸ ಮಾಡುವುದು ಯಾವುದು, ಮತ್ತು ಜಿಲ್ಲೆಯಲ್ಲಿ ಯಾವ ಯೋಜನೆಯೊಳಗೂ ಬೀಳದೆ ಉಳಿದ ಗಾಯಾಳುಗಳಿಗೆ ಸದ್ಯ ಏನು ತುರ್ತು. ಆಮೇಲೆ ಮಾಜಿ ಸೈನಿಕರ ಸಂಘದ ಹಿರಿಯರ ಹತ್ತಿರ ಕೂತು ಒಂದು ಕಾಫಿ ಕುಡಿ. ದೇಶದ ಮಾಜಿ ಸೈನಿಕರಿಗೆ ಒಂದು ಸಂಘಟನೆ ಬೇಕೆಂದು 1964ರಲ್ಲಿ ಇಂಡಿಯನ್ ಎಕ್ಸ್ ಸರ್ವಿಸಸ್ ಲೀಗ್ ಕಟ್ಟಿದವರು ನಮ್ಮ ಕಾರ್ಯಪ್ಪನವರೇ. ಯಾವ ಮನೆಯಲ್ಲಿ ಯಾರ ನೋವು ಮುಚ್ಚಿಟ್ಟಿದೆ ಎಂದು ಇಲಾಖೆಯ ರಿಜಿಸ್ಟರಿಗಿಂತ ಈ ಮುದುಕರಿಗೆ ಚೆನ್ನಾಗಿ ಗೊತ್ತು. ಅವರಲ್ಲಿ ಪಕ್ಷಪಾತವೂ ಇರುತ್ತದೆ, ತಮ್ಮ ರೆಜಿಮೆಂಟಿನವನೇ ಮೊದಲು ಎನ್ನುತ್ತಾರೆ. ಇಬ್ಬರು ಮೂವರ ಮಾತು ಕೇಳಿ ತಾಳೆ ನೋಡು.

ಹಣವನ್ನು ಒಂದೇ ಸಲ ಕೊಡಬೇಡಿ. ಅರ್ಧ ಈಗ, ಉಳಿದರ್ಧ ಆರು ತಿಂಗಳ ನಂತರ, ಮೊದಲರ್ಧ ಎಲ್ಲಿಗೆ ಹೋಯಿತೆಂದು ಬರೆದು ತಿಳಿಸಿದ ಮೇಲೆ. ನಿಮ್ಮ ಮೊತ್ತ ಸಣ್ಣದು, ಇಷ್ಟಕ್ಕೆ ಷರತ್ತೇ ಎಂದು ಯಾರಾದರೂ ನಕ್ಕರೆ ನಗಲಿ. ಕೊಡುವ ಹಣದ ಗುರಿಯನ್ನೂ ನೀವೇ ಬರೆದುಕೊಡಿ: ಇಂಥ ಜಿಲ್ಲೆಯ ಗಾಯಾಳುಗಳ ಚಿಕಿತ್ಸೆ ಪ್ರಯಾಣಕ್ಕೆ, ಅಥವಾ ಇಷ್ಟು ಮಕ್ಕಳ ಓದು ಮುಗಿಯುವವರೆಗೆ. ಹಾಗೆ ಬರೆದುಕೊಟ್ಟರೆ ಅದನ್ನು ಶಾಮಿಯಾನಕ್ಕೆ ಹಾಕುವುದು ಕಷ್ಟ.

ನೀನು ಮೊದಲು ಮಾಡಬೇಕಾದ್ದು ಮೂರೂ ಟ್ರಸ್ಟುಗಳಿಗೆ ಒಂದೇ ಪತ್ರ. ಕನ್ನಡದಲ್ಲೇ ಬರೆ, ನಮಸ್ಕಾರದಿಂದ ಶುರು ಮಾಡು, ಗದರಿಸುವ ದನಿ ಬೇಡ. ನೋಂದಣಿ ಸಂಖ್ಯೆ, ಮೂರು ವರ್ಷದ ಆಡಿಟ್ ಆದ ಲೆಕ್ಕ, ಟ್ರಸ್ಟಿಗಳ ಪಟ್ಟಿ, ಕಳೆದ ವರ್ಷ ಎಷ್ಟು ಕುಟುಂಬಕ್ಕೆ ಏನು ಕೊಟ್ಟರು, ಈ ನಾಲ್ಕು ಸಾಕು. ಪುತ್ತರಿ ಹಬ್ಬದ ಗಡಿಬಿಡಿ, ಕಾಫಿ ಕೊಯ್ಲು ಎರಡೂ ಇದೆ, ಹದಿನೈದು ದಿನ ಸಮಯ ಕೊಡು. ಉತ್ತರ ಬಂದದ್ದನ್ನು ನನಗೆ ಕಳಿಸು. ಮೊಬೈಲಿನಲ್ಲಿ ಫೋಟೋ ಹೊಡೆದು ಕಳಿಸಬೇಡ, ಅಕ್ಷರ ಕಾಣುವುದಿಲ್ಲ. ಮುದ್ರಿಸಿ, ಭಾನುವಾರ ಬರುವಾಗ ಕೈಯಲ್ಲೇ ತಾ.